ಕಟ್ಟೆಕಲ್ಲಿನ ಸಂದು

ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವಳೇ ಅವಳು ಅದನ್ನು ಕಟ್ಟೆಯ ಮೇಲೆ ಕುಕ್ಕಿದಳು. ಒಳಗೆ ಸಕ್ಕರೆ ಕಾಣಿಸುತ್ತಿರಲಿಲ್ಲ, ಬರೀ ಕೆಂಪಿರುವೆ. ಮುಚ್ಚಳದ ಅಂಚಿನಲ್ಲಿ, ಚಮಚದ ಹಿಡಿಯ ಮೇಲೆ, ನೋಡನೋಡುತ್ತಿದ್ದಂತೆ ಅವಳ ಬೆರಳ ಸಂದಿಯಲ್ಲೂ.

"ನಿಮ್ಮ ಮನೆ ಹಾಳಾಗ!" ಎಂದು ಬೈದಳು. ಅವುಗಳ ಮನೆ ಇರುವುದು ತನ್ನ ಮನೆಯೊಳಗೇ ಎಂಬುದು ಬೈದ ಮೇಲೆ ಹೊಳೆದು ಸಿಟ್ಟು ಇನ್ನಷ್ಟು ಏರಿತು.

ಡಬ್ಬಿಯನ್ನು ಬಿಸಿಲಿಗಿಟ್ಟು ಬಂದು ಬಗ್ಗಿ ನೋಡಿದಳು. ಸಾಲು ಹೊರಡುತ್ತಿದ್ದದ್ದು ಅಡುಗೆಕಟ್ಟೆಯ ಕಲ್ಲಿನಡಿಯಿಂದ, ಹೊಸ ಗೋಡೆ ಅದಕ್ಕೆ ತಾಗುವ ಕಡೆಯಿಂದ. ಹಾಗಾದರೆ ಇರುವೆಗಳಿಗೆ ಬಾಗಿಲು ಇಟ್ಟುಕೊಟ್ಟವನು ಅವಳ ಗಂಡನೇ!

ಗಂಡ ಹತ್ತು ಜನರಿಗೆ ಮನೆ ಕಟ್ಟಿಕೊಟ್ಟ ಮೇಸ್ತ್ರಿ. ಅವನು ಕಟ್ಟಿದ ಗೋಡೆಗೆ ಅದೇ ಮನೆಯಲ್ಲಿದ್ದ ಅವನ ತಮ್ಮ ಬಣ್ಣ ಹೊಡೆಯುವುದು ಮೊದಲಿನಿಂದ ನಡೆದುಬಂದದ್ದು. ತಮ್ಮ ಒಂದು ಸಲ ಬೇರೆ ಮೇಸ್ತ್ರಿಯ ಕೆಲಸಕ್ಕೆ ಹೋದ. ಆದದ್ದು ಇಷ್ಟೇ. "ನನ್ನ ಗೋಡೆ ಅವನ ಕಣ್ಣಿಗೆ ಕಾಣದೇ ಹೋಯ್ತಲ್ಲ, ಕಾಣೋ ಹಾಗೆ ಒಂದು ಕಟ್ತೀನಿ" ಎಂದು ಮೇಸ್ತ್ರಿ ರಜೆಯ ದಿನ ಮನೆಯ ನಟ್ಟನಡುವೆ ಇಟ್ಟಿಗೆ ಏರಿಸಿದ. ಅಡುಗೆಮನೆಯಲ್ಲಿ ಕಟ್ಟೆಯ ಕಲ್ಲು ಅಡ್ಡ ಬಂತು. ಈ ತುದಿಯಿಂದ ಆ ತುದಿಗೆ ಒಂದೇ ಕರಿಕಲ್ಲು. ಕೊಯ್ಯಲು ಹೋದರೆ ಸೀಳಿಬಿಡುತ್ತದೆ. ಅದನ್ನು ಹಾಗೇ ಬಿಟ್ಟು ಮೇಲಷ್ಟು, ಕೆಳಗಷ್ಟು ಇಟ್ಟಿಗೆ ಇಟ್ಟ. ಕಲ್ಲಿನಡಿಯಲ್ಲಿ ಕಿರುಬೆರಳು ತೂರುವಷ್ಟು ಸಂದು ಉಳಿಯಿತು. ಬೇರೆಯವರ ಮನೆಯಾಗಿದ್ದರೆ ಅವನು ಹಾಗೆ ಬಿಡುವ ಪೈಕಿಯಲ್ಲ. ಸಿಟ್ಟಿನಲ್ಲಿ ಕೈ ಓಡಿತೇ ಹೊರತು ಕಣ್ಣು ಓಡಲಿಲ್ಲ.

ಗಂಡಸರ ಜಗಳದಲ್ಲಿ ತಾನು ತಲೆ ಹಾಕಬಾರದೆಂದೇ ಅವಳು ಸುಮ್ಮನಿದ್ದಳು. ಅವಳ ಹೊಟ್ಟೆ ಉರಿಸಿದವಳು ವಾರಗಿತ್ತಿ. ಗೋಡೆ ಏಳುತ್ತಿದ್ದರೆ ಆ ಹುಡುಗಿ ತುಟಿ ಪಿಟಕ್ಕೆನ್ನದೆ ತನ್ನ ಪಾತ್ರೆಗಳನ್ನು ಆರಿಸಿಕೊಂಡು ಆ ಕಡೆ ಹೋದಳು. ಹುಟ್ಟಿದಾಗಿನಿಂದ ಇವಳೇ ಮೀಯಿಸಿ, ಮಲಗಿಸಿ ಮಾಡಿದ್ದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಳು. ಹಿಂತಿರುಗಿಯೂ ನೋಡಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಅಂಗಡಿಯಿಂದ ಇರುವೆ ಪುಡಿ ತಂದು ಅವಳು ಸಂದಿನ ಬಾಯಿಗೆ ಸುರಿದಳು. ಸಾಲು ಗಕ್ಕನೆ ನಿಂತಿತು, ಚದುರಿತು, ಮತ್ತೆ ಕೂಡಿಕೊಂಡು ಬಂದ ದಾರಿಯಲ್ಲೇ ತಿರುಗಿತು.

"ಹೋಗಿ, ಆ ಕಡೆ ಹೋಗಿ. ಅಲ್ಲೂ ಒಂದು ಅಡುಗೆಮನೆ ಇದೆ. ಮಹಾರಾಣಿಯವರು ನೋಡ್ಕೊಳ್ತಾರೆ" ಎಂದಳು. ಆವತ್ತು ಸಕ್ಕರೆಯಿಲ್ಲದ ಚಹಾ ಕೂಡ ಅವಳಿಗೆ ರುಚಿಯಾಗಿತ್ತು.

ಮರುದಿನ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆ ಮಗು ಕಿಟಾರನೆ ಕಿರುಚಿಕೊಂಡಿತು. ಅದರ ಹಸಿವಿನ ಅಳು, ನಿದ್ದೆಯ ಅಳು, ಹಟದ ಅಳು ಎಲ್ಲ ಅವಳಿಗೆ ಗೊತ್ತು. ಇದು ಅವು ಯಾವುದೂ ಅಲ್ಲ. ಚಾಪೆ ಕೊಡವುವ ಸದ್ದಾಯಿತು. ಆಮೇಲೆ ವಾರಗಿತ್ತಿಯ ಗಾಬರಿಯ ದನಿ: "ಅಯ್ಯೋ, ಕಿವಿಯೊಳಗೆ ಹೋಗ್ಬಿಡ್ತು! ಇರುವೆ! ಪುಟ್ಟಾ, ತಡಿ, ತೆಗೀತೀನಿ, ಕಡ್ಡಿ ಎಲ್ಲಿ..."

ಅವಳ ಕೈಯ ಪಾತ್ರೆ ಜಾರಿ ಬಿತ್ತು.

"ಕಡ್ಡಿ ಹಾಕ್ಬೇಡ್ವೇ!" ಎಂದು ಗೋಡೆಗೆ ಬಾಯಿ ಹಚ್ಚಿ ಕೂಗಿದಳು. "ಕಿವಿ ತೂತು ಮಾಡ್ತೀಯಾ? ಎಣ್ಣೆ ಬಿಡು, ಎಣ್ಣೆ! ಉಗುರು ಬೆಚ್ಚಗೆ ಮಾಡಿ ಬಿಡು!"

ಮಾತು ಬಿಟ್ಟವಳು ಉತ್ತರ ಕೊಡುತ್ತಾಳೋ ಇಲ್ಲವೋ ಎಂದು ಇವಳು ಗೋಡೆಗೆ ಕಿವಿ ಹಚ್ಚಿದಳು.

"ಎಷ್ಟು ಬಿಡ್ಲಿ ಅಕ್ಕಾ?"

"ನಾಲ್ಕು ತೊಟ್ಟು. ಕಿವಿ ಮೇಲೆ ಬರೋ ಹಾಗೆ ಮಲಗಿಸು. ಕಾಲು ನಿನ್ನ ತೊಡೇಲಿ ಅದುಮಿಡ್ಕೋ, ಇಲ್ದಿದ್ರೆ ಒದೀತಾನೆ."

"ಒದೀತಿದಾನೆ ಅಕ್ಕಾ!"

"ಒದೀಲಿ ಬಿಡು. ಈಗ ತಿರುಗಿಸಿ ಮಲಗಿಸು, ಎಣ್ಣೆ ಜೊತೆ ಹೊರಗೆ ಬರುತ್ತೆ."

ಅಳು ಬಿಕ್ಕಾಯಿತು, ಬಿಕ್ಕು ನಿಧಾನವಾಯಿತು. "ಬಂತು ಅಕ್ಕಾ. ಕೆಂಪಿರುವೆ. ಮೈಯೆಲ್ಲಾ ಕಚ್ಚಿಬಿಟ್ಟಿವೆ. ನಿನ್ನೆಯಿಂದ ಎಲ್ಲಿಂದ ಬರ್ತಿವೆಯೋ ಗೊತ್ತಾಗ್ತಿಲ್ಲ" ಎಂದು ಆ ಹುಡುಗಿಯೂ ಅಳತೊಡಗಿದಳು.

ಎಲ್ಲಿಂದ ಬರ್ತಿವೆ ಎಂಬುದು ಇವಳಿಗೆ ಗೊತ್ತಿತ್ತು. ನೆಲಕ್ಕೆ ಬಿದ್ದಿದ್ದ ಪಾತ್ರೆಯನ್ನು ಎತ್ತಿ ತೊಳೆದದ್ದನ್ನೇ ತಿಕ್ಕಿ ತಿಕ್ಕಿ ತೊಳೆದಳು. ತನ್ನ ಕೈಗಳ ಮೇಲೇ ಅವಳಿಗೆ ಹೇಸಿಗೆಯಾಯಿತು.

ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಬಂದವನು ಮೊದಲು ಬೋಗುಣಿಯಲ್ಲಿ ಒಂದಿಷ್ಟು ಸಿಮೆಂಟು ಕಲಸಿದ. ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕರಣೆಯಲ್ಲಿ ಮೆತ್ತಲು ಹೊರಟ.

"ಏನ್ ಮಾಡ್ತಿದೀರಿ?"

"ನಿನ್ನೆಯಿಂದ ಇರುವೆ ಇರುವೆ ಅಂತ ತಲೆ ತಿಂತಿದ್ದೆಯಲ್ಲ? ಈ ಸಂದು ಮುಚ್ಚಿದ್ರೆ ಪೀಡೆ ಕಳೀತು."

"ಮುಚ್ಚಿದ್ರೆ ಅವು ಎಲ್ಲಿಗೆ ಹೋಗ್ತವೆ?"

"ಆ ಕಡೆಗೆ ಹೋಗ್ತವೆ. ನಮಗೇನು?"

ಅವಳು ಬಂದು ಸಂದಿಗೆ ಅಂಗೈ ಅಡ್ಡ ಇಟ್ಟಳು. ಕರಣೆ ಅವಳ ಬೆರಳಿಗೆ ತಾಗಿ ನಿಂತಿತು.

"ಆ ಕಡೆ ಹಾಲು ಕುಡಿಯೋ ಕೂಸಿದೆ. ಬೆಳಿಗ್ಗೆ ಅದರ ಕಿವಿಗೆ ಇರುವೆ ಹೊಕ್ಕಿತ್ತು. ಅಟ್ಟಿದ್ದು ನಾನೇ, ಪುಡಿ ಹಾಕಿ. ನಿಮ್ಮ ಗೋಡೆ ನೋಡಿ ನೋಡಿ ನನಗೂ ಅದೇ ಬುದ್ಧಿ ಬಂತು! ನಿಮಗೆ ತಮ್ಮ ಬೇಡದಿದ್ರೆ ಹಾಳಾಗಿ ಹೋಗಿ. ಆ ಮಗು ಏನ್ರೀ ಮಾಡಿದೆ ನಿಮಗೆ? ಯಾರ ಮನೆ ಗೋಡೆಗೆ ಬಣ್ಣ ಹೊಡೀತು ಅದು?"

ಅವಳು ಹೀಗೆ ದನಿ ಎತ್ತಿದ್ದನ್ನು ಅವನು ಕೇಳಿದ್ದಿಲ್ಲ. ಕರಣೆಯನ್ನು ಬೋಗುಣಿಗೆ ಹಾಕಿ ಎದ್ದ. "ಕೈ ತೊಳ್ಕೊಂಡು ಬರ್ತೀನಿ, ಬಡಿಸು" ಎಂದಷ್ಟೇ ಅಂದ.

ಬಡಿಸಿದ ಮೇಲೆ ಅವಳು ಒದ್ದೆ ಬಟ್ಟೆಯಿಂದ ಕಲ್ಲಿನಡಿಯ ಪುಡಿಯನ್ನೆಲ್ಲ ಒರೆಸಿದಳು. ಬಟ್ಟೆ ಹಿಂಡಿ ಇನ್ನೊಮ್ಮೆ ಒರೆಸಿದಳು. ಬಿಸಿಲಿಗಿಟ್ಟಿದ್ದ ಡಬ್ಬಿ ಒಳಗೆ ತಂದಳು. ಇರುವೆಗಳೆಲ್ಲ ಬಿಟ್ಟುಹೋಗಿ ಸಕ್ಕರೆ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟನ್ನೂ ಸಂದಿನ ಬಾಯಿಯಿಂದ ತನ್ನ ಅಡುಗೆಮನೆಯ ನಡುವಿನವರೆಗೆ ಉದ್ದಕ್ಕೆ ಸುರಿದಳು.

"ನಿನಗೇನು ತಲೆ ಕೆಟ್ಟಿದೆಯಾ?" ಎಂದ ಮೇಸ್ತ್ರಿ, ತುತ್ತು ಕೈಯಲ್ಲೇ ಹಿಡಿದು.

"ಕೆಟ್ಟಿದೆ. ಊಟ ಮಾಡಿ."

ಗೋಡೆಯಾಚೆಯಿಂದ ತಗ್ಗಿದ ದನಿ ಬಂತು. "ಅಕ್ಕಾ, ಮಲಗಿದ." ಅವಳು ಉತ್ತರ ಕೊಡುವ ಮೊದಲು ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ತಲೆ ತಗ್ಗಿಸಿ ಅನ್ನ ಕಲಸಿದ. "ಮಲಗ್ಲಿ. ಎಚ್ಚರ ಮಾಡ್ಬೇಡ" ಎಂದಳು.

ಸಂದಿನಿಂದ ಒಂದು ಇರುವೆ ಹೊರಗೆ ಬಂದು ಅತ್ತಿತ್ತ ಮೀಸೆ ಆಡಿಸಿತು. ಹಿಂದೆ ಇನ್ನೊಂದು ಬಂತು. ಅವಳು ಕಾಲು ಹಿಂದೆಗೆಯದೆ ನೋಡುತ್ತ ನಿಂತಳು. ಸಾಲು ಸಕ್ಕರೆ ಹಿಡಿದು ನೆಲದ ನಡುವಿಗೆ ಬರುತ್ತಿದ್ದಂತೆ ಮೇಸ್ತ್ರಿ ತಟ್ಟೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಕಟ್ಟೆಯ ಕೆಳಗೆ, ಬೋಗುಣಿಯಲ್ಲಿ, ಸಿಮೆಂಟು ಕರಣೆಯನ್ನು ಕಚ್ಚಿಕೊಂಡು ಗಟ್ಟಿಯಾಗುತ್ತಿತ್ತು.