ಗೋಡೆಯ ಮೇಲಿನ ಬಿಸಿಲು

"ಓ ಅಲ್ಲಿ, ಗೋಡೆಯಲ್ಲಿ ಹೇಗೆ ಕುಣಿಯುತ್ತದೆ ನೋಡಿ!" ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಅಕ್ಕು ಅಜ್ಜಿ ಮಗುವಿನಂತೆ ನಕ್ಕಳು. ಅಂಗಳದಲ್ಲಿ ತೃಪ್ತಿ ಇಟ್ಟ ಗಾಜಿನ ತಟ್ಟೆಯ ನೀರಿಗೆ ಬಿಸಿಲು ಬಿದ್ದು, ಅದರ ಹೊಳಪು ಗೋಡೆಯಲ್ಲಿ ಅಲುಗುತ್ತಿತ್ತು. ಅಜ್ಜಿಯ ಕಣ್ಣಿಗೆ ಪೊರೆ. ಎದುರು ನಿಂತವರ ಮುಖ ತಿಳಿಯದಿದ್ದರೂ ಬೆಳಕು ತಿಳಿಯುತ್ತಿತ್ತು.

ಪಕ್ಕದ ಚಾಪೆಯಲ್ಲಿ ರಶ್ಮಿತಾ ಹಲಸಿನ ಹಪ್ಪಳ ಮಗುಚುತ್ತಿದ್ದಳು. ಕಾಯಿ ಬಿಡಿಸಿ ಸೊಳೆ ಬೇಯಿಸಿ, ಗುದ್ದಿ, ಒತ್ತಿ ಹರವಿದ್ದು ಅವಳೇ. ಹಪ್ಪಳದ ಸುದ್ದಿಯನ್ನು ಇವತ್ತು ಯಾರೂ ಎತ್ತಲಿಲ್ಲ.

ತೃಪ್ತಿ ರಶ್ಮಿತಾಳ ಸೋದರಮಾವನ ಮಗಳು, ಇವಳದೇ ಪ್ರಾಯ; ಇಬ್ಬರೂ ಅಜ್ಜಿಗೆ ಪುಳ್ಳಿಗಳು, ಮೊಮ್ಮಕ್ಕಳು. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವವಳು ರಜೆಗೆ ಬಂದಿದ್ದಳು. ಗುಡ್ಡದ ಮೇಲಿನ ರಬ್ಬರ್ ತೋಟಕ್ಕೆ ಹುಲ್ಲು ಸಾಯುವ ಮದ್ದು ಬಿಟ್ಟ ಮೇಲೆ, ಗುಡ್ಡದ ಹೊಟ್ಟೆ ಕೊರೆದು ಅಜ್ಜ ತೋಡಿಸಿದ ಸುರಂಗದ ನೀರು ಕೆಟ್ಟಿತ್ತು. ರಶ್ಮಿತಾಳ ಬಸಳೆ ಚಪ್ಪರ ಆ ನೀರಿಗೇ ಹಳದಿಯಾಗಿ ಜೋತುಬಿತ್ತು. ಅಂದಿನಿಂದ ನೆರೆಮನೆಯ ಶಂಕರಿಯಕ್ಕನ ಬಾವಿಯಿಂದ ಕೊಡ ಹೊರುವವಳು ರಶ್ಮಿತಾ. ಹಿಂದೆ ಅಜ್ಜಿ ಸೊಂಟ ಮುರಿದು ಮಲಗಿದಾಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳೂ ಅವಳೇ.

"ಗಾಜಿಗೆ ಹಚ್ಚಿದ್ದು ನ್ಯಾನೊ ಹುಡಿ ಅಜ್ಜಿ, ಕಣ್ಣಿಗೆ ಕಾಣದಷ್ಟು ನಯ. ಬಿಸಿಲು ಬಿದ್ದರೆ ಎಚ್ಚರ ಆಗಿ ನೀರಿನ ವಿಷವನ್ನು ಚೂರು ಚೂರು ಮಾಡ್ತದೆ. ಕತ್ತಲಲ್ಲಿ ಸುಮ್ಮನೆ ಮಲಗ್ತದೆ," ಎಂದಳು ತೃಪ್ತಿ. ಹೋಲಿಸಿ ನೋಡಲು ಅಂಥದೇ ಇನ್ನೊಂದು ತಟ್ಟೆಯನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ಆಮೇಲೆ ಎರಡೂ ನೀರನ್ನು ಬೇರೆ ಬೇರೆ ತೆಂಗಿನ ಗೆರಟೆಯ ಹುರುಳಿ ಸಸಿಗಳಿಗೆ ಹಾಕಿ ನೋಡುವುದು.

ಹಪ್ಪಳಕ್ಕೆಂದು ಬಂದ ಶಂಕರಿಯಕ್ಕನಿಗೆ ಅಜ್ಜಿ ಹೇಳಿದಳು, "ಹಾವಿನ ವಿಷ ಇಳಿಸುವವರನ್ನು ನೋಡಿದ್ದೆ. ನನ್ನ ಪುಳ್ಳಿ ನೀರಿನ ವಿಷ ಇಳಿಸ್ತಾಳೆ!"

"ಹಾಗಾದ್ರೆ ಇವಳು ಪುಳ್ಳಿ ಅಲ್ವಾ ದೊಡ್ಡಮ್ಮ?"

"ರಶ್ಮಿಯಾ? ಇವಳು ಮನೆಯಲ್ಲೇ ಇದ್ದಾಳಲ್ಲ."

ರಶ್ಮಿತಾಳ ಕೈಯಲ್ಲಿದ್ದ ಹಸಿ ಹಪ್ಪಳ ಹರಿಯಿತು.

ಮರುದಿನ ತೃಪ್ತಿ ಬದಿಯಡ್ಕ ಪೇಟೆಯ ಬಸ್ಸು ಹತ್ತಿದ ಮೇಲೆ ರಶ್ಮಿತಾ ಒಂದು ಗೋಣಿ ತಂದು, ಬಿಸಿಲಿನ ತಟ್ಟೆಗೂ ಹೊದೆಸಿದಳು. ಕೇಳಿದರೆ, ಕಾಗೆ ಮುಟ್ಟದಿರಲಿ ಅಂತ ಎನ್ನಬಹುದು. ಗೋಡೆ ಸಪ್ಪಗಾಯಿತು.

"ಮೋಡವಾ ಮಗಾ?" ಅಜ್ಜಿ ಕೇಳಿದಳು.

"ಹೌದಜ್ಜಿ, ಮೋಡ," ಎಂದಳು ರಶ್ಮಿತಾ. ಬಿಸಿಲಿಗೆ ಅವಳ ಬೆನ್ನು ಚುರುಗುಟ್ಟುತ್ತಿತ್ತು.

ಸಂಜೆಯ ಬಸ್ಸಿನ ಹಾರ್ನ್ ಕೇಳುವಾಗ ಗೋಣಿ ತೆಗೆದಳು. ತೃಪ್ತಿ ಪೇಟೆಗೆ ಹೋದಾಗಲೆಲ್ಲ ಹೀಗೇ ನಡೆಯಿತು.

ಕೊನೆಗೆ ಎರಡೂ ಗೆರಟೆಯ ಸಸಿಗಳು ಹಳದಿಯಾಗಿ ಬಾಗಿದವು. ತೃಪ್ತಿ ಅವುಗಳ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತಳು. ಅತ್ತರೆ ನೋಡಬೇಕೆಂದು ರಶ್ಮಿತಾ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ತೃಪ್ತಿ ಅಳಲಿಲ್ಲ. "ನಾನು ಹಚ್ಚಿದ್ದೇ ಸರಿ ಆಗಲಿಲ್ಲ ಕಾಣ್ತದೆ," ಎಂದು ಎದ್ದು, "ಕೊಡ ಕೊಡು ಮಾರಾಯ್ತಿ, ಇವತ್ತು ನೀರಿಗೆ ನಾನು ಹೋಗ್ತೇನೆ," ಎಂದಳು.

"ಹುಡಿಯದ್ದು ತಪ್ಪಲ್ಲ ಮಗಾ," ಜಗಲಿಯಿಂದ ಅಜ್ಜಿ ಹೇಳಿದಳು. "ಮೋಡ ಇತ್ತು."

"ಮೋಡವಾ? ಬದಿಯಡ್ಕದಲ್ಲಿ ತಲೆ ಒಡೆಯುವ ಬಿಸಿಲು!"

"ಅಲ್ಲಿಯದ್ದು ನನಗೆ ಗೊತ್ತಿಲ್ಲ. ಇಲ್ಲಿ ಮೋಡ. ರಶ್ಮಿ ಹೇಳಿದ್ದಾಳೆ. ನನಗೆ ಕಣ್ಣು ಅಂತ ಇರುವುದು ಅವಳೇ ಅಲ್ವಾ?"

ತೃಪ್ತಿ ತಿರುಗಿ ರಶ್ಮಿತಾಳನ್ನು ನೋಡಿದಳು. ರಶ್ಮಿತಾ ಕೊಡದ ಕಂಠವನ್ನು ಸೆರಗಿನಿಂದ ಉಜ್ಜಿದಳು. ಉಜ್ಜಿದಲ್ಲೇ ಮತ್ತೆ ಉಜ್ಜಿದಳು. ತೃಪ್ತಿ ಆ ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡಳು. ನೀರಿಗೆ ಹೋದವಳು, ಹೊತ್ತು ಅಭ್ಯಾಸವಿಲ್ಲದೆ ಅರ್ಧ ಚೆಲ್ಲಿಕೊಂಡು ಬಂದಳು.

ಬೆಳಿಗ್ಗೆ ತೃಪ್ತಿ ಏಳುವ ಮೊದಲೇ ರಶ್ಮಿತಾ ಸುರಂಗದ ನೀರು ತಂದಳು. ಎರಡೂ ತಟ್ಟೆ ತುಂಬಿಸಿ, ಒಂದಕ್ಕೆ ಕಪ್ಪು ಬಟ್ಟೆ ಮುಚ್ಚಿದಳು. ಗೋಣಿಯನ್ನು ದನದ ಹಟ್ಟಿಗೆ ಎಸೆದು ಬಂದಳು. ಬಿಸಿಲು ಅಂಗಳಕ್ಕೆ ಇಳಿಯಿತು. ಗೋಡೆಯಲ್ಲಿ ಮಾತ್ರ ಏನೂ ಕಾಣಲಿಲ್ಲ.

"ಇವತ್ತೂ ಮೋಡವಾ ಮಗಾ?"

ರಶ್ಮಿತಾ ಬಗ್ಗಿ ನೋಡಿದಳು. ತಟ್ಟೆಯ ಮೇಲೆ ಬಿದ್ದದ್ದು ಅವಳದೇ ನೆರಳು.

"ಇಲ್ಲಜ್ಜಿ," ಎಂದು ಬದಿಗೆ ಸರಿದಳು. ಗೋಡೆಯಲ್ಲಿ ಬೆಳಕು ಒಮ್ಮೆ ನಡುಗಿತು. ಮತ್ತೆ ಮೆಲ್ಲನೆ ಇಳಿದು ಅಜ್ಜಿಯ ಬಿಳಿ ಕೂದಲಿನ ಮೇಲೆ ಅಲುಗತೊಡಗಿತು.