ಮೂತಿಯ ಕಡೆ

ಪರದೆಯ ಮೇಲೆ ಒಂದು ನೊಣ ಹತ್ತುತ್ತಿದೆ, ನಕ್ಷೆಯ ಗೆರೆಯನ್ನೇ ಹಿಡಿದುಕೊಂಡು, ಎಡಗಡೆಯಿಂದ ಸಮನಾಗಿ ಬಂದ ಗೆರೆ ಮೂರು ವರ್ಷದ ಹಿಂದಿನ ಆ ತಿಂಗಳಿಗೆ ಬಂದೊಡನೆ ಚಕ್ಕನೆ ಮೇಲೆ ಜಿಗಿದು ಅಲ್ಲಿಂದ ಮತ್ತೆ ಸಮನಾಗಿ ಸಾಗುತ್ತದೆ, ಒಂದೇ ಒಂದು ಮೆಟ್ಟಿಲಿರುವ ಮನೆಯ ಹಾಗೆ, ನೊಣ ಆ ಮೆಟ್ಟಿಲ ಬುಡದಲ್ಲಿ ನಿಂತು ಕಾಲು ಉಜ್ಜಿಕೊಂಡಿತು, ಹಾರಿಹೋಗು ಮಹರಾಯ, ನಿನಗಾದರೂ ಬಾಗಿಲು ಬೇಕಿಲ್ಲ ಎಂದುಕೊಂಡಳು ಅವಳು. ಅವಳಿಗೆ ಬೇಕು. ಬಾಗಿಲು ಹಿಂದೆ ಎಲ್ಲೋ ಇದೆ, ನಡುವೆ ನೂರೈವತ್ತು ಜನ, ಪ್ಲಾಸ್ಟಿಕ್ ಕುರ್ಚಿಗೆ ಕುರ್ಚಿ ತಾಗಿಕೊಂಡು, ಬೆವರು, ಡೀಸೆಲ್ ವಾಸನೆ, ಅವಳನ್ನು ತಂದು ಮೊದಲನೇ ಸಾಲಿನ ನಟ್ಟನಡುವೆ ಕೂರಿಸಿದ್ದಾರೆ, ಎಡಕ್ಕೆ ತಮ್ಮ, ಬಲಕ್ಕೆ ದೋಣಿ ಸಂಘದ ಅಧ್ಯಕ್ಷ, ಅವನ ತೋಳು ಅವಳ ಕುರ್ಚಿಯ ಬೆನ್ನ ಮೇಲೆ, ಇವತ್ತು ನಿಮ್ಮದೇ ದಿನ ಅಕ್ಕ, ಆರಾಮಾಗಿ ಕೂತ್ಕೊಳ್ಳಿ. ಬಂದರಿನಲ್ಲಿ ಎಲ್ಲರಿಗೂ ಅವಳು ಅಳತೆ ಅಕ್ಕ, ಇಲಾಖೆಯ ಕಾಗದದಲ್ಲಿ ಉಸಿರು ಬಿಗಿಹಿಡಿದು ಓದಬೇಕಾದ ಇನ್ನೊಂದು ಹೆಸರಿನ ಹುದ್ದೆ ಇದೆ, ಆದರೆ ಹನ್ನೊಂದು ವರ್ಷದಿಂದ ಕೆಲಸ ಮಾತ್ರ ಒಂದೇ — ದೋಣಿಗಳು ಬರುವ ಹೊತ್ತಿಗೆ ಮೀನು ಇಳಿಸುವ ಧಕ್ಕೆಯ ಮೇಲೆ ನಿಂತು, ಮೂರಕ್ಕೊಂದು ದೋಣಿ ಆರಿಸಿ, ಬುಟ್ಟಿಯಿಂದ ನೋಡದೆ ಐವತ್ತು ಬಂಗುಡೆ ಎತ್ತಿ, ಒಂದೊಂದನ್ನೂ ಅಳತೆ ಹಲಗೆಯ ಮೇಲೆ ಮಲಗಿಸಿ, ಮೂತಿಯನ್ನು ಈ ತುದಿಯ ಅಡ್ಡಪಟ್ಟಿಗೆ ಒತ್ತಿ, ಆ ತುದಿಯಲ್ಲಿ ಬಾಲ ಎಷ್ಟನೇ ಸೆಂಟಿಮೀಟರಿಗೆ ಮುಟ್ಟಿತು ಎಂದು ಓದಿ ಬರೆಯುವುದು. ಹದಿನೇಳು, ಹದಿನೇಳು, ಹದಿನಾರು, ಹದಿನೇಳು. ಅದು ಆಗ, ಮೆಟ್ಟಿಲಿಗೆ ಮೊದಲು. ಆಮೇಲೆ ಹತ್ತೊಂಬತ್ತು, ಹತ್ತೊಂಬತ್ತು, ಹದಿನೆಂಟು, ಹತ್ತೊಂಬತ್ತು. ಆ ಮೆಟ್ಟಿಲನ್ನು ಕಟ್ಟಿದವರು ಯಾರೆಂದು ಈ ಇಡೀ ಸಭಾಂಗಣದಲ್ಲಿ ಅವಳೊಬ್ಬಳಿಗೇ ಗೊತ್ತು.

ಮೀನುಗಾರಿಕೆ ಇಲಾಖೆಯ ಸಾಹೇಬರು ಕೋಲಿನಿಂದ ಗೆರೆಯನ್ನು ತಟ್ಟುತ್ತಿದ್ದಾರೆ, ನೊಣ ಹಾರಿತು, ನೋಡಿ ಸ್ವಾಮಿ, ದಡದ ಹತ್ತಿರದ ಒಳಕಡಲನ್ನು ಬಲೆಗೆ ಮುಚ್ಚಿದ್ದು ಇಲ್ಲಿ, ಮೀನು ದೊಡ್ಡದಾಗಿದ್ದು ಇಲ್ಲಿಂದ, ಇದಕ್ಕಿಂತ ಸಾಕ್ಷಿ ಬೇಕಾ. ಜನ ಹೋ ಎಂದರು. ಸಾಹೇಬರಿಗೆ ಹೊಸ ಅಂಗಿ, ಕಾಲರಿನಲ್ಲಿ ಅಂಗಡಿಯ ಗುಂಡುಸೂಜಿ ಇನ್ನೂ ಹಾಗೇ ಇದೆ, ಯಾರಾದರೂ ಹೇಳಬಾರದೇ, ಪಾಪ, ಒಳ್ಳೆಯ ಮನುಷ್ಯ, ಒಳಕಡಲನ್ನು ಮುಚ್ಚಿಸಿದ ದಿನ ಇದೇ ಜನರಿಂದ ಬಾಯಿಗೆ ಬಂದಂತೆ ಬೈಸಿಕೊಂಡವರು, ಮೀನುಮರಿಯ ಮಾವ ಎಂದು ಅಡ್ಡಹೆಸರು ಇಡಿಸಿಕೊಂಡವರು, ಮೂರು ವರ್ಷ ತಡ್ಕೊಳ್ಳಿ, ಸರಾಸರಿ ಉದ್ದ ಹದಿನೆಂಟು ದಾಟಲಿ, ನಾನೇ ಬಂದು ತೆರೆಸ್ತೀನಿ ಎಂದು ಮಾತು ಕೊಟ್ಟಿದ್ದರು. ಹದಿನೆಂಟು ದಾಟಿದ ಬಂಗುಡೆ ಒಂದು ಸಲವಾದರೂ ತತ್ತಿ ಹಾಕಿರುತ್ತದೆ, ಅದಕ್ಕಿಂತ ಚಿಕ್ಕದನ್ನು ಹಿಡಿದರೆ ಹಿಡಿದದ್ದು ಒಂದನ್ನಲ್ಲ, ಅದರ ಹೊಟ್ಟೆಯಲ್ಲಿ ಇನ್ನೂ ಹುಟ್ಟದ ಸಾವಿರವನ್ನು, ಇದನ್ನು ತರಬೇತಿಯಲ್ಲಿ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಇನ್ನೊಂದನ್ನೂ ಬಾಯಿಪಾಠ ಮಾಡಿಸಿದ್ದರು — ಕಣ್ಣನ್ನು ನಂಬಬೇಡಿ, ಹಲಗೆಯನ್ನು ನಂಬಿ. ಅವಳು ನಂಬಿದಳು. ಎಷ್ಟೋ ಬೆಳಗ್ಗೆ ಅಂಗೈಯಲ್ಲಿ ಮೀನು ಹಿಡಿದಾಗ ಇದು ಚಿಕ್ಕದಲ್ಲವಾ ಎನಿಸಿ, ಹಲಗೆಯ ಮೇಲೆ ಮಲಗಿಸಿದರೆ ಹತ್ತೊಂಬತ್ತು, ಸರಿ ಬಿಡು, ವಯಸ್ಸಾಯಿತು, ಕನ್ನಡಕ ಬದಲಿಸಬೇಕು ಎಂದುಕೊಂಡು ಹತ್ತೊಂಬತ್ತು ಬರೆದಳು. ಕನ್ನಡಕವನ್ನೂ ಬದಲಿಸಿದಳು, ಎರಡು ಸಲ.

ಇವತ್ತು ಬೆಳಗ್ಗೆ ಸಾಹೇಬರು ಹೇಳದೇ ಹೋಗಿದ್ದರೆ ಎಂದುಕೊಳ್ಳುತ್ತಾಳೆ, ಹಲಗೆಯನ್ನು ಚೆನ್ನಾಗಿ ತೊಳ್ಕೊಂಡು ಬನ್ನಿ, ವೇದಿಕೆ ಮೇಲೆ ಇಡೋಣ, ರಾಜಧಾನಿಯಿಂದ ಮೇಡಂ ಬರ್ತಾರೆ, ಒಳಕಡಲು ತೆರೆಯೋ ಆದೇಶಕ್ಕೆ ಅವರೇ ಸಹಿ ಹಾಕೋದು. ಧಕ್ಕೆಯಲ್ಲಿ ದಿನಾ ನೀರು ಹುಯ್ಯುವುದು ಬೇರೆ, ತಿಕ್ಕಿ ತೊಳೆಯುವುದು ಬೇರೆ, ಬಚ್ಚಲಲ್ಲಿ ಕೂತು ಸೋಪು ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದಳು, ಬಾಲದ ಕಡೆ ಯಾವಾಗಲೂ ಚೊಕ್ಕ, ಅಲ್ಲಿ ಓದಬೇಕಲ್ಲ, ಮೂತಿಯ ಕಡೆ ಯಾರು ನೋಡುತ್ತಾರೆ, ಅಡ್ಡಪಟ್ಟಿಯ ಸಂದಿಯಲ್ಲಿ ಮೂರು ವರ್ಷದ ಲೋಳೆ, ಹುರುಪೆ, ಒಣಗಿ ಕಲ್ಲಾದದ್ದು, ಉಗುರಿನಿಂದ ಕೆರೆದಳು, ಹಕ್ಕಳೆ ಎದ್ದ ಹಾಗೆ ಕಳಚಿ ಬಂತು, ಅದರಡಿಯಲ್ಲಿ ಅಂಕಿ. ಎರಡು. ಅಡ್ಡಪಟ್ಟಿಗೆ ಒತ್ತಿಕೊಂಡೇ ಎರಡು. ಸೊನ್ನೆ ಇಲ್ಲ, ಒಂದು ಇಲ್ಲ, ಶುರುವಾಗುವುದೇ ಎರಡರಿಂದ. ಅವಳಿಗೆ ಮೊದಲು ನಗು ಬಂತು. ಆಮೇಲೆ ಎದ್ದು ಹೋಗಿ ಗಂಡನ ಪೆಟ್ಟಿಗೆಯಿಂದ ಉಕ್ಕಿನ ಅಳತೆಪಟ್ಟಿ ತಂದು ಪಕ್ಕಕ್ಕೆ ಇಟ್ಟಳು, ಹಲಗೆಯ ಹತ್ತೊಂಬತ್ತು ಎಂದರೆ ಉಕ್ಕಿನ ಹದಿನೇಳು, ಹಲಗೆಯ ಇಪ್ಪತ್ತು ಉಕ್ಕಿನ ಹದಿನೆಂಟು, ಹಿಂದುಮುಂದು ಮಾಡಿ ನೋಡಿದಳು, ಉಕ್ಕು ಎಲ್ಲಿ ಸುಳ್ಳು ಹೇಳುತ್ತದೆ, ಮೀನು ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ, ಮೂರು ವರ್ಷದಿಂದ ಹದಿನೇಳಕ್ಕೇ ನಿಂತಿದೆ, ಬೆಳೆದದ್ದು ಹಲಗೆ. ಬೆಳೆದದ್ದೂ ಅಲ್ಲ, ಮೊಂಡಾದದ್ದು.

ಗಂಡ ದೋಣಿ ಕಟ್ಟುವ ಬಡಗಿ, ಅವನ ಕೈಯಲ್ಲಿ ಮರ ಹೇಳಿದಂತೆ ಕೇಳುತ್ತದೆ, ಒಳಕಡಲು ಮುಚ್ಚಿದ ಆ ವರ್ಷ, ಮಳೆಗಾಲದ ಎರಡು ತಿಂಗಳು ದೋಣಿಗಳಿಗೆ ಕಡ್ಡಾಯ ರಜೆ ಇದ್ದಾಗ ಅವಳು ಹಲಗೆಯನ್ನು ಮನೆಗೆ ತಂದಿದ್ದಳು, ಮೂತಿಯ ಕಡೆ ಉಪ್ಪುನೀರು ಕುಡಿದು ಕೊಳೆತು ಪುಡಿಯಾಗುತ್ತಿತ್ತು, ಇಲಾಖೆಗೆ ಹೊಸದು ಕೇಳಿ ಬರೆದ ಪತ್ರಕ್ಕೆ ಉತ್ತರವಿಲ್ಲ, ರೀ, ಇದನ್ನ ಏನಾದ್ರೂ ಮಾಡೋಕಾಗುತ್ತಾ. ಅವಳು ತವರಿಗೆ ಹೋಗಿ ಬರುವಷ್ಟರಲ್ಲಿ ಮಾಡಿಟ್ಟಿದ್ದ, ಕೊಳೆತದ್ದನ್ನು ಗರಗಸದಿಂದ ನೀಟಾಗಿ ಕೊಯ್ದು, ಸಾಗುವಾನಿಯ ಹೊಸ ಅಡ್ಡಪಟ್ಟಿ ಕೂರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ನಿನ್ನ ಕೈಗೆ ಸಿಬಿರು ಚುಚ್ಚಬಾರದು ಕಣೇ. ಅಷ್ಟು ಪ್ರೀತಿಯಿಂದ ಯಾರಾದರೂ ಎರಡು ಸೆಂಟಿಮೀಟರ್ ಕೊಯ್ಯುತ್ತಾರಾ. ಅವಳು ಖುಷಿಯಿಂದ ಮೀನೆಣ್ಣೆ ಬಳಿದಳು, ಎಣ್ಣೆ ಬಳಿದ ಮರದಲ್ಲಿ ಅಂಕಿ ಮಸುಕಾಯಿತು, ಮೊದಲ ದಿನವೇ ಲೋಳೆ ಹತ್ತಿತು. ರಜೆ ಮುಗಿದು ದೋಣಿಗಳು ಬಂದ ಬೆಳಗ್ಗೆ ಐವತ್ತು ಮೀನು ಅಳೆದು ಎಷ್ಟು ಹಿಗ್ಗಿದಳು, ಧಕ್ಕೆಯಿಂದಲೇ ಫೋನು ಮಾಡಿದಳು, ಸರ್, ಮೀನು ದೊಡ್ಡದಾಗಿದೆ ಸರ್! ಆ ಕಡೆಯಿಂದ ಸಾಹೇಬರು, ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಎಂದರು. ಇವತ್ತು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ನಿಂತ ಗಂಡನಿಗೆ ಅಂಕಿ ತೋರಿಸಿದಳು, ಅವನು ಕೂತು ನೋಡಿದ, ಕೊಯ್ದ ಜಾಗವನ್ನು ಸವರಿದ, ಎರಡು ಸೆಂಟಿಮೀಟರ್ ತಾನೆ ಎಂದು ನಗಲು ಹೋದ, ಆಗಲಿಲ್ಲ, ನಾನು ಅಂಕಿ ನೋಡ್ಲಿಲ್ಲ ಕಣೇ, ಮರ ನೋಡ್ದೆ ಎಂದ. ಅವನ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ.

ಬಂದದ್ದು ತನ್ನ ಮೇಲೆ. ಅವನಿಗೆ ಟಿಕ್ ಹಾಕುವ ಕೆಲಸ ಇರಲಿಲ್ಲವಲ್ಲ, ತಿಂಗಳ ನಮೂನೆಯ ಕೊನೆಯಲ್ಲಿ ಒಂದು ಸಾಲಿದೆ, ಹಲಗೆಯನ್ನು ಉಕ್ಕಿನ ಅಳತೆಪಟ್ಟಿಯೊಂದಿಗೆ ತಾಳೆ ನೋಡಲಾಗಿದೆ, ಹೌದು, ಇಲ್ಲ, ಎರಡು ಚೌಕ, ಅವಳು ಹೌದಿಗೆ ಟಿಕ್ ಹಾಕುತ್ತಿದ್ದಳು, ಮಂಡಿ ನೋಯುತ್ತಿರುತ್ತದೆ, ಬಸ್ಸು ಹೊರಡುತ್ತಿರುತ್ತದೆ, ಹಲಗೆ ಏನು ಬೆಳೆಯುವ ಮಗುವಾ, ಟಿಕ್, ಬೇರೆ ಬಂದರಿನವರೂ ಹೀಗೇ ಹಾಕುತ್ತಾರೆ, ಟಿಕ್, ರಜೆಯ ತಿಂಗಳು ಬಿಟ್ಟು ಮೂರು ವರ್ಷಕ್ಕೆ ಮೂವತ್ತು ತಿಂಗಳು, ಮೂವತ್ತು ಟಿಕ್, ಪ್ರತಿಯೊಂದರ ಕೆಳಗೆ ಅವಳ ಸಹಿ, ಒಂದೇ ಒಂದು ತಿಂಗಳು ಮೂತಿಯ ಕಡೆ ಬಗ್ಗಿ ನೋಡಿದ್ದರೆ. ಹೇಳಬೇಕೆಂದೇ ಬಂದಿದ್ದಳು. ಸಭೆಗೆ ಮುಂಚೆ ಸಭಾಂಗಣದ ಮೆಟ್ಟಿಲ ಹತ್ತಿರ ಸಾಹೇಬರನ್ನು ಹಿಡಿದಳು, ಸರ್, ಹಲಗೆ ಸ್ವಲ್ಪ... ತೊಳೆದಿದ್ದೀರಲ್ಲ, ಸಾಕು, ಹಳೇದಾದ್ರೇನಂತೆ, ಅದೇ ಚೆಂದ. ಅದಲ್ಲ ಸರ್, ಅದರ ಮೂತಿ ಕಡೆ... ಅಷ್ಟರಲ್ಲಿ ಮೇಡಂ ಕಾರು ಬಂತು, ಸಾಹೇಬರು ಓಡಿದರು, ಓಡುತ್ತಲೇ ತಿರುಗಿ, ಸ್ವಲ್ಪ ನಗ್ತಾ ಇರಿ ಅಕ್ಕ, ಫೋಟೋ ತೆಗೀತಾರೆ. ಅವಳು ನಕ್ಕಳು. ಆಗಿನಿಂದ ನಗುತ್ತಲೇ ಇದ್ದಾಳೆ, ದವಡೆ ನೋಯುತ್ತಿದೆ.

ಎಡಗಡೆ ತಮ್ಮ ಮೊಣಕೈಯಿಂದ ತಿವಿದ, ಅಕ್ಕಾ, ನಿನ್ನಿಂದ ಕಣೇ ಇದೆಲ್ಲ. ಮುಖ ಊರಗಲ. ಮೂರು ವರ್ಷದಲ್ಲಿ ಈ ಮುಖದಲ್ಲಿ ನಗು ಕಂಡದ್ದು ಎಷ್ಟು ಸಲ, ಬೆರಳೆಣಿಕೆ, ಅವನದು ಪುಟ್ಟ ದೋಣಿ, ಒಳಕಡಲಿಗಷ್ಟೇ ಲಾಯಕ್ಕು, ಹೊರಗಿನ ಅಲೆಗೆ ಒಡ್ಡಿದರೆ ಮಗುಚುತ್ತದೆ, ಒಳಕಡಲು ಮುಚ್ಚಿದ ಮೇಲೆ ಅದನ್ನು ಮನೆಯ ಹಿಂದೆ ಮಗುಚಿಟ್ಟು ಟಾರ್ಪಾಲು ಹೊದಿಸಿ, ತಾನು ಬೇರೆಯವರ ದೊಡ್ಡ ಬೋಟಿನಲ್ಲಿ ಆಳಾಗಿ ಹೋದ, ಹತ್ತು ಹನ್ನೆರಡು ದಿನ ನೀರಿನ ಮೇಲೆ, ಮಂಜುಗಡ್ಡೆಯ ಕೋಣೆಯಲ್ಲಿ ಪೆಟ್ಟಿಗೆ ಎತ್ತಿ ಬೆನ್ನು ಬಾಗಿತು, ಇವನ ಚಿಕ್ಕ ಮಗಳು ಅಪ್ಪ ಬಂದರೆ ಅಮ್ಮನ ಹಿಂದೆ ಅಡಗುತ್ತಾಳೆ, ಯಾರೋ ಅಂಕಲ್ ಬಂದ್ರು ಎನ್ನುತ್ತಾಳೆ, ಅದನ್ನು ಅವನು ತಮಾಷೆ ಮಾಡಿ ಹೇಳುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ, ಆಮೇಲೆ ಕೈ ತೊಳೆಯಲು ಹೋದವನು ಬಹಳ ಹೊತ್ತು ಬರುವುದಿಲ್ಲ. ತಿಂಗಳಿಗೊಮ್ಮೆ ಅವಳನ್ನು ಕೇಳುತ್ತಿದ್ದ, ಎಷ್ಟಕ್ಕ ಈ ಸಲ? ಹತ್ತೊಂಬತ್ತು ಕಣೋ. ಅವನು ಕಣ್ಣು ಮುಚ್ಚಿ ತೆರೆಯುತ್ತಿದ್ದ. ಹೇಳಿದರೆ ಏನಾಗುತ್ತದೆ — ಒಳಕಡಲು ಇನ್ನೂ ಮೂರು ವರ್ಷ ಮುಚ್ಚಿರುತ್ತದೆ, ಅಷ್ಟರಲ್ಲಿ ಇವನ ಬೆನ್ನು ಮುರಿದಿರುತ್ತದೆ, ಅವಳ ಕೆಲಸ ಹೋಗುತ್ತದೆ, ಗಂಡನನ್ನು ಊರೆಲ್ಲ ಎರಡು ಸೆಂಟಿಮೀಟರ್ ಬಡಗಿ ಎನ್ನುತ್ತದೆ, ಸಾಹೇಬರು ಆ ಗುಂಡುಸೂಜಿಯ ಅಂಗಿಯಲ್ಲೇ ತಲೆ ತಗ್ಗಿಸುತ್ತಾರೆ. ಹೇಳದಿದ್ದರೆ — ನಾಳೆ ಇನ್ನೂರು ದೋಣಿ ಒಳಗೆ ನುಗ್ಗುತ್ತವೆ, ಹದಿನೇಳರ ಮರಿಗಳನ್ನು ಬಾಚುತ್ತವೆ, ತತ್ತಿ ಹಾಕಲು ಒಂದೂ ಉಳಿಯುವುದಿಲ್ಲ, ಒಂದು ವರ್ಷ ಹಬ್ಬ, ಎರಡನೆಯ ವರ್ಷ ಬಲೆಯಲ್ಲಿ ಬರೀ ನೀರು, ಆಗ ತಮ್ಮನಿಗೆ ಒಳಗೂ ಇಲ್ಲ ಹೊರಗೂ ಇಲ್ಲ. ಹೇಳಿದರೂ ಮುಳುಗುವವನು ಇವನೇ, ಹೇಳದಿದ್ದರೂ ಇವನೇ, ಅವಳು ಆರಿಸಬೇಕಾದದ್ದು ಬೇಗನಾ ನಿಧಾನವಾ ಎಂಬುದನ್ನು ಮಾತ್ರ. ಈಗಲೇ ಏಳಬೇಕು, ಎದ್ದು ನಿಂತು ಸರ್ ಎನ್ನಬೇಕು, ಅಷ್ಟೇ, ಒಂದು ಮಾತು, ಕಾಲಿಗೆ ಹೇಳಿದಳು, ಕಾಲು ಕೇಳಲಿಲ್ಲ.

ಅಕ್ಕ, ಮೇಲೆ ಬನ್ನಿ, ಎಂದರು ಸಾಹೇಬರು ಮೈಕಿನಲ್ಲಿ. ಏಳಬೇಕೆಂದಾಗ ಏಳದ ಕಾಲು ಈಗ ಎದ್ದಿತು. ಚಪ್ಪಾಳೆ. ಅಧ್ಯಕ್ಷ ದಾರಿ ಬಿಟ್ಟ, ತಮ್ಮ ಅವಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ, ಮಂಡಿನೋವು ಸರ್ ಇವಳಿಗೆ ಎಂದು ತಾನೂ ಮೇಲೆ ಬಂದ. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹಲಗೆ, ಪಕ್ಕದಲ್ಲಿ ಮಂಜುಗಡ್ಡೆಯ ತಟ್ಟೆಯಲ್ಲಿ ಇವತ್ತಿನ ಬಂಗುಡೆ, ಅಂಚಿನಲ್ಲಿ ಮೇಡಂ, ಮುಂದೆ ಆದೇಶ, ಪೆನ್ನಿನ ಮುಚ್ಚಳ ತೆಗೆದಾಗಿದೆ. ನಾವು ಹೇಗೆ ಅಳೀತೀವಿ ಅಂತ ಮೇಡಂಗೆ ಒಂದು ಸಲ ತೋರಿಸಿಬಿಡಿ. ತೋರಿಸುತ್ತೇನೆ, ಇಲ್ಲೇ ತೋರಿಸುತ್ತೇನೆ, ಮೂತಿಯ ಕಡೆ ಬೆರಳಿಟ್ಟು ಇಲ್ಲಿ ನೋಡಿ ಮೇಡಂ ಎಂದರೆ ಮುಗಿಯಿತು, ಅಂಕಿ ತಾನೇ ಹೇಳುತ್ತದೆ, ಅವಳ ನಾಲಿಗೆ ಬೇಕಾಗಿಯೇ ಇಲ್ಲ. ಮೀನು ಎತ್ತಿದಳು, ಅಂಗೈ ಹದಿನೇಳು ಎಂದಿತು, ಮಲಗಿಸಿದಳು, ಮೂತಿಯನ್ನು ಒತ್ತಿದಳು, ತೊಳೆದು ಚೊಕ್ಕವಾದ ಮರದಲ್ಲಿ ಎರಡು ಎದ್ದು ಕಾಣುತ್ತಿದೆ, ಇಷ್ಟು ದೊಡ್ಡದಾಗಿ, ಇಡೀ ಸಭೆಗೆ ಕಾಣುವಷ್ಟು, ಆದರೆ ಎಲ್ಲರೂ ಬಾಲವನ್ನೇ ನೋಡುತ್ತಿದ್ದಾರೆ, ಸಾಹೇಬರು ಬಾಲದ ಕಡೆ, ಮೇಡಂ ಬಾಲದ ಕಡೆ, ಫೋಟೋದವನು ಬಾಲದ ಕಡೆ, ತಮ್ಮನೊಬ್ಬ ಅಲ್ಲ. ಅವನು ಮೀನುಗಾರ, ಮೀನನ್ನು ತಲೆಯಿಂದ ಹಿಡಿಯುವವನು. ಅವನ ಕಣ್ಣು ಮೂತಿಯ ಮೇಲಿತ್ತು. ನೋಡಿದ. ಬಾಲ ನೋಡಿದ. ಮತ್ತೆ ಮೂತಿ. ಆಮೇಲೆ ಅವಳ ಮುಖ, ಅವಳ ಮುಖದಲ್ಲಿ ಎಲ್ಲವೂ ಇತ್ತು, ಓದಲು ಬಾರದವನೂ ಓದಬಹುದಾಗಿತ್ತು, ಹೇಳು ತಮ್ಮಾ, ನೀನಾದರೂ ಹೇಳು, ತೆರೆಯುವುದು ಬೇಡ ಎಂದು ನೀನೇ ಅಂದರೆ ನಾನು ಬದುಕಿದೆ. ಅವನು ಮೇಜಿಗೆ ಹತ್ತಿರ ಸರಿದ. ಮೀನು ಜಾರುತ್ತೆ, ಹಿಡ್ಕೋತೀನಿ ಇರು ಎಂದ, ಎಂದು ಕೈ ಚಾಚಿ ಮೀನಿನ ತಲೆಯನ್ನು ಹಲಗೆಗೆ ಒತ್ತಿ ಹಿಡಿದ, ಹೆಬ್ಬೆರಳು ಮೂತಿಯ ಪಕ್ಕಕ್ಕೆ ಸರಿಯಿತು, ಎರಡರ ಮೇಲೆ ನಿಂತಿತು, ಅಂಕಿ ಮುಚ್ಚಿಹೋಯಿತು. ಓದಕ್ಕಾ ಎಂದ ಮೆಲ್ಲಗೆ. ಜೋರಾಗಿ ಓದಿ ಅಕ್ಕ ಎಂದರು ಸಾಹೇಬರು. ಹತ್ತೊಂಬತ್ತು — ಯಾರು ಹೇಳಿದರು, ಅವಳ ಧ್ವನಿಯೇ, ಮೈಕಿನಲ್ಲಿ ಅಷ್ಟಗಲವಾಗಿ, ಚಪ್ಪಾಳೆ, ಪೆನ್ನು ಕಾಗದದ ಮೇಲೆ ಸರ ಸರ, ಮೀನು ತೆಗೀರಿ ಎಂದರು ಯಾರೋ, ಅವನು ತೆಗೆಯಲಿಲ್ಲ, ಅವನ ಹೆಬ್ಬೆರಳು ಅಲ್ಲೇ, ಒತ್ತಿ ಒತ್ತಿ ಬಿಳಿಚಿಕೊಂಡು, ಉಗುರಿನ ಸುತ್ತ ನೀಲಿ, ದೋಣಿಗೆ ಬಳಿಯುವ ನೀಲಿ ಬಣ್ಣ, ಇನ್ನೂ ಹಸಿ, ಆಗಲೇ ಬಳಿದಿದ್ದಾನೆ, ಯಾವಾಗ ಬಳಿದ, ಎರಡರ ಮೇಲೆ ಹೆಬ್ಬೆರಳು, ಹೆಬ್ಬೆರಳಿಗೆ ನೀಲಿ, ಎರಡರ ಮೇಲೆ ಹೆಬ್ಬೆರಳು, ನೀಲಿ