ಸತ್ತ ಮೇಲೂ ಒಂದೇಟು

ಕುವಾನೊ ಶವಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ಹಾಕಿದ್ದಾಗ ಮಿಜೊಗುಚಿ ಹಿಂದಿನಿಂದ ಅವನ ಕೊರಳಪಟ್ಟಿ ಹಿಡಿದು ಎಳೆದ.

"ನಾಚಿಕೆ ಆಗಲ್ವೇನೋ ಮುದುಕಾ? ಹೆಣದ ಹತ್ರನೂ ಕಿತ್ಕೋತೀಯಾ?"

"ಅರ್ಧ ನಾನು ಬರ್ದಿದ್ದು ಕಣೋ! ಅದೊಂದು ಸುಟ್ಟೋದ್ರೆ ನಾನಿದ್ದೆ ಅನ್ನೋಕೆ ಇನ್ನೇನೂ ಉಳಿಯಲ್ಲ!"

ಸತ್ತವನು ತೊಕುನಾಗ, ಒಸಾಕಾದ ವಿಡಿಯೋ ಗೇಮ್ ಕಂಪನಿಯ ಸ್ಥಾಪಕ. ಈಗ ಅಲ್ಲಿನ ಯಜಮಾನಿಕೆ ಮಿಜೊಗುಚಿಯದು. ಹೆಣದ ಎದೆಯ ಮೇಲೆ, ಜೊತೆಗೆ ಸುಡಲೆಂದು, ಮೊದಲ ಗೇಮಿನ, ಕೈಯಲ್ಲಿ ಬರೆದ ಪ್ರೋಗ್ರಾಂ ಹಾಳೆಗಳ ಕಟ್ಟಿತ್ತು. ಆಗಷ್ಟೇ ಮಿಜೊಗುಚಿ ಭಾಷಣದಲ್ಲಿ ಹೊಗಳಿದ್ದ: "ಆ ಗೇಮಲ್ಲಿ ಸತ್ತ ಶತ್ರು ಬೀಳೋ ಮುಂಚೆ ಇನ್ನೊಂದೇಟು ಹೊಡೀತಾನೆ. ಅದು ಹೊಳೆದಿದ್ದು ನಮ್ಮ ಯಜಮಾನರೊಬ್ಬರಿಗೇ." ಅದು ಹೊಳೆದದ್ದಲ್ಲ, ಪ್ರೋಗ್ರಾಂ ಬರೆಯುವಾಗ ಲೆಕ್ಕ ತಪ್ಪಿ ಆದದ್ದು. ತಪ್ಪಿದವನು ಕುವಾನೊ.

ಅರವತ್ತಾರರ ಕುವಾನೊ ತಿರುಗಿ ಹಣೆಯಿಂದ ಗುದ್ದಿದ. ಮಿಜೊಗುಚಿಯ ಮೂಗು ಒಡೆದು ಬಿಳಿ ಅಂಗಿ ಕೆಂಪಾಯಿತು.

*

ನಲವತ್ತು ವರ್ಷದ ಹಿಂದೆ ಎಷ್ಟೋ ಕಂಪನಿಗಳು ಗೇಮ್ ಬರೆದವರ ಹೆಸರು ಹಾಕುತ್ತಿರಲಿಲ್ಲ. ಹೆಸರು ಗೊತ್ತಾದರೆ ಬೇರೆಯವರು ಆಳನ್ನು ಎಳೆದುಕೊಂಡಾರೆಂಬ ಭಯ. ಅದಕ್ಕೇ ತೊಕುನಾಗ ತಾನಿದ್ದ ಕಂಪನಿಯ ಮ್ಯಾನೇಜರನ ಕಪಾಳಕ್ಕೆ ಬಾರಿಸಿ ಕೆಲಸ ಬಿಟ್ಟು, ಕುವಾನೊನನ್ನು ಕಟ್ಟಿಕೊಂಡು ತೋಫು ಅಂಗಡಿಯ ಮಹಡಿಯಲ್ಲಿ ಸ್ವಂತ ಕಂಪನಿ ತೆರೆದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಯಜಮಾನನಾದದ್ದೇ ತಡ ತಾನೂ ಅತ್ತೆಯಾದ. ಗೇಮ್ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು ಒಂದೇ ಹೆಸರು, ತೊಕುನಾಗನದು.

"ನನ್ನದೆಲ್ಲೋ?"

"ಕಂಪನಿಗೆ ಒಂದೇ ಮುಖ ಸಾಕು. ಹೋಗಿ ಕೆಲಸ ನೋಡು."

ಕುವಾನೊ ಅವನ ಎರಡು ಹಲ್ಲು ಉದುರಿಸಿದ. ತೊಕುನಾಗ ಗಾಜಿನ ಆಷ್‌ಟ್ರೇ ಎತ್ತಿ ಅವನ ತಲೆಗೆ ಅಪ್ಪಳಿಸಿದ. ಆರು ಹೊಲಿಗೆ ಬಿದ್ದವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

*

"ಬಿಡಿ ಅವರನ್ನ," ಎಂದಳು ತೊಕುನಾಗನ ಹೆಂಡತಿ ಫುಸಾಎ, ಶವಪೆಟ್ಟಿಗೆಯ ಬಳಿ ಕುವಾನೊನನ್ನು ಹಿಡಿದಿದ್ದವರಿಗೆ. ತಾನೇ ಕಟ್ಟನ್ನು ಎತ್ತಿ ಕುವಾನೊನ ಕೈಗಿಟ್ಟಳು.

ಅವನು ಹಾಳೆ ತಿರುವಿದ. ಮತ್ತೆ ತಿರುವಿದ. ಕಾಳಗದ ಭಾಗ ಅವನದೇ, ಆ ತಪ್ಪೂ ಹಾಗೇ ಇತ್ತು. ಅಕ್ಷರ ಮಾತ್ರ ಕೊನೆಯವರೆಗೂ ತೊಕುನಾಗನದು.

"ಆಸ್ಪತ್ರೇಲಿ ಮೂರು ತಿಂಗಳು ಕೂತು ನಕಲು ಮಾಡಿದ್ರು," ಎಂದಳು ಫುಸಾಎ. "ಜೊತೆಗೆ ಒಯ್ಯೋದು ಪೂರಾ ನನ್ನದಾಗಿರ್ಬೇಕು ಅಂದ್ರು. ಹಳೇದನ್ನ ನನ್ನ ಕೈಲೇ ಸುಡಿಸಿದ್ರು."

"ನನ್ನ ಹೆಸರು ಎತ್ತಲೇ ಇಲ್ವಾ, ಅತ್ತಿಗೆ?"

"ದಿನಾ ಎತ್ತೋರು. ಬಯ್ಯೋಕೆ."

ತನ್ನ ಕೈಯ ಒಂದಕ್ಷರವೂ ಉಳಿಯದ ಹಾಳೆಗಳನ್ನು ಕುವಾನೊ ಜೋಡಿಸಿದ. ಕಟ್ಟನ್ನು ಹೆಣದ ಎದೆಯ ಮೇಲೆ ವಾಪಸ್ ಇಟ್ಟ. ಮುಚ್ಚಳ ಮುಚ್ಚಿದರು. ಹತ್ತಿರದವರು ಒಬ್ಬೊಬ್ಬರಾಗಿ ಹೊಳೆಗಲ್ಲಿನಿಂದ ಮೊಳೆಗೆ ಎರಡೆರಡು ಸಲ ಮೆಲ್ಲಗೆ ತಟ್ಟುವುದು ಪದ್ಧತಿ. ಫುಸಾಎ ಎರಡು ಸಲ ತಟ್ಟಿ, ಎಲ್ಲರೂ ನೋಡುತ್ತಿರುವಂತೆ ಕಲ್ಲನ್ನು ಕುವಾನೊನಿಗೆ ಕೊಟ್ಟಳು.

ಅವನು ಒಂದು ಹೊಡೆದ, ಎರಡು ಹೊಡೆದ, ನಿಲ್ಲಿಸಲಿಲ್ಲ. ಐದನೆಯ ಏಟಿಗೆ ಮೊಳೆ ಸೊಟ್ಟಗಾಯಿತು, ಬೆರಳು ಜಜ್ಜಿ ರಕ್ತ ಬಂತು. ಆರನೆಯದಕ್ಕೆ ಮುಚ್ಚಳ ಸೀಳಿತು. ಭಿಕ್ಷುವಿನ ಮಂತ್ರ ನಿಂತುಹೋಯಿತು.

"ಅಮ್ಮಾವ್ರೇ, ತಡೀರಿ ಇವನ್ನ!" ಮಿಜೊಗುಚಿ ಕೂಗಿದ.

"ಹೊಡೀಲಿ ಬಿಡಪ್ಪ. ನಾನು ನಲವತ್ತು ವರ್ಷ ಅವರ ಏಟು ತಿಂದಿದೀನಿ."

ಫುಸಾಎ ಕಪ್ಪು ಕಿಮೊನೊದ ತೋಳು ಮಡಚಿ, ತಟ್ಟೆಯಲ್ಲಿದ್ದ ಇನ್ನೊಂದು ಕಲ್ಲೆತ್ತಿಕೊಂಡು, ಆಚೆ ಬದಿಯ ಮೊಳೆಗೆ ಬಡಿಯತೊಡಗಿದಳು.